ಬ್ಲ್ಯಾಕ್‌ಬೆರಿಗೆ ನಾಲ್ಕು ಸಾಲು

ಆಗಸ್ಟ್ ೧೯

ಇವಳೇ,

ಇಲ್ಲಿ ನಾನೂ ಅಡುಗೆಮನೆಯ ನಲ್ಲಿಯೂ ಇದ್ದಲ್ಲೇ ಇದ್ದೇವೆ. ನಲ್ಲಿ ಸೋರುತ್ತಿದೆ. ಪ್ಲಂಬರ್ ನಾಳೆ ಬರುತ್ತೇನೆಂದು ಹೇಳಿ ವಾರವಾಯಿತು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ" ಎಂದು ಕೇಳಿಕೊಂಡ ಮೇಲೆ ಬಾಯಿಗೆ ಬೀಗ ಹಾಕಿಕೊಳ್ಳುತ್ತೇವೆ. ನಿನ್ನ ಕಡೆಯಿಂದ ಯಾರೋ ಕೆಮ್ಮುವುದು ಕೇಳಿಸುತ್ತದೆ, ನನ್ನ ಕಡೆಯಿಂದ ನಲ್ಲಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕೆಲಸದ ಮಾತು.

ಇಂಗ್ಲಿಷ್-ಕನ್ನಡ ನಿಘಂಟಿನ ಪರಿಷ್ಕರಣೆ ಕುಂಟಿಕೊಂಡು ಕೊನೆಯ ಹಂತಕ್ಕೆ ಬಂದಿದೆ, ಎರಡನೇ ಅಕ್ಷರ ನನ್ನ ಪಾಲು. ಬ್ಲ್ಯಾಕ್‌ಬೆರಿ ಎಂಬ ಪದದ ಚೀಟಿ ನನ್ನ ಮೇಜಿಗೆ ಬಿದ್ದಿದೆ. ಹಳೆಯ ಆವೃತ್ತಿಯವರು "ಕಪ್ಪು ಬಣ್ಣದ ಒಂದು ಬಗೆಯ ಹಣ್ಣು" ಎಂದು ಬರೆದು ಕೈ ತೊಳೆದುಕೊಂಡಿದ್ದಾರೆ. ಆ ಅರ್ಥ ನೇರಳೆಗೂ ಸಲ್ಲುತ್ತದೆ, ಕಪ್ಪು ದ್ರಾಕ್ಷಿಗೂ ಸಲ್ಲುತ್ತದೆ. ನಮ್ಮ ಕಚೇರಿಯಲ್ಲಿ ಯಾರೂ ಅದನ್ನು ಗಿಡದಲ್ಲಿ ಕಂಡವರಲ್ಲ. ಸಂಪಾದಕರು ಜಾಮ್ ಬಾಟಲಿಯ ಮೇಲಿನ ಚಿತ್ರ ನೋಡಿದ್ದಾರಂತೆ. ನೀನು ಕೆಲಸ ಮಾಡುವ ವೃದ್ಧರ ಆರೈಕೆ ಮನೆಯ ಹಿಂದಿನ ಬೇಲಿ ಪೂರ್ತಿ ಅದೇ ಎಂದು ನೀನು ಅಲ್ಲಿಗೆ ಹೋದ ಹೊಸದರಲ್ಲಿ ಬರೆದಿದ್ದೆ. ಗಿಡವೋ ಬಳ್ಳಿಯೋ, ಹಣ್ಣು ಹೇಗಿರುತ್ತದೆ, ಜನ ಅದನ್ನು ಏನು ಮಾಡುತ್ತಾರೆ, ಆ ಪದವನ್ನು ಇನ್ಯಾವುದಕ್ಕಾದರೂ ಬಳಸುತ್ತಾರೆಯೇ, ಎಲ್ಲ ಬರೆ. ಒಂದು ಪದಕ್ಕೆ ನಾಲ್ಕೇ ಸಾಲು ಎಂದು ಸಂಪಾದಕರ ಅಪ್ಪಣೆ. ನೀನು ಎಷ್ಟು ಬೇಕಾದರೂ ಬರೆ, ಇಳಿಸುವ ಕೆಲಸ ನನ್ನದು.

ಆರು ತಿಂಗಳಿಗೆಂದು ಹೋದವಳು, ಮುಂದಿನ ತಿಂಗಳಿಗೆ ಅದು ಮುಗಿಯುತ್ತದಲ್ಲ. ಅಮ್ಮ ತೀರಿಕೊಂಡ ಮೇಲೆ ಹಾಗೇ ಇದ್ದ ಮಂಚವನ್ನು ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದ್ದೇನೆ. ಹಾಲ್ ಈಗ ದೊಡ್ಡದಾಗಿ ಕಾಣುತ್ತದೆ.

ಇತಿ,
ಇವರು


ಸೆಪ್ಟೆಂಬರ್ ೪

ಇವರೇ,

ಕೆಲಸದ ಮಾತು ಎಂದು ನೀವು ಬರೆಯದಿದ್ದರೂ ಗೊತ್ತಾಗುತ್ತಿತ್ತು. ಇಷ್ಟು ವರ್ಷದಲ್ಲಿ ಬೇರೆ ಮಾತಿಗೆ ನೀವು ಲೇಖನಿ ತೆಗೆದದ್ದು ನಾನು ಕಾಣೆ.

ಕೇಳಿ. ಅದು ಪೂರ್ತಿ ಗಿಡವೂ ಅಲ್ಲ, ಪೂರ್ತಿ ಬಳ್ಳಿಯೂ ಅಲ್ಲ. ನಿಮ್ಮ ದೊಡ್ಡಮ್ಮನ ಹಾಗೆ, ಸಿಕ್ಕಿದವರ ಮೇಲೆ ಒರಗಿಕೊಂಡು ಅವರನ್ನೇ ಚುಚ್ಚುತ್ತದೆ. ಮುಳ್ಳು ಹಿಂದಕ್ಕೆ ಬಾಗಿರುತ್ತದೆ. ಕೈ ಒಳಗೆ ಹಾಕುವಾಗ ಏನೂ ಮಾಡುವುದಿಲ್ಲ, ತೆಗೆಯುವಾಗ ಹಿಡಿದುಕೊಳ್ಳುತ್ತದೆ. ನನ್ನ ಎರಡೂ ಕೈ ಬೆಕ್ಕು ಪರಚಿದ ಹಾಗಾಗಿವೆ. ಹಣ್ಣು ಒಂದೇ ಅಲ್ಲ, ಸಣ್ಣ ಸಣ್ಣ ಮಣಿಗಳು ಒಟ್ಟಿಗೆ ಕೂತ ಗೊಂಚಲು. ಮೊದಲು ಹಸಿರು, ಆಮೇಲೆ ಕೆಂಪು, ಆಮೇಲೆ ಕಪ್ಪು. ಕಪ್ಪಾದ ಮಾತ್ರಕ್ಕೆ ಹಣ್ಣಾಯಿತು ಎಂದುಕೊಂಡು ನಾನು ಮೊದಲ ದಿನ ಒಂದು ಬುಟ್ಟಿ ಕಿತ್ತೆ. ಅಡುಗೆಯವಳು ಒಂದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು, ಅಷ್ಟು ಹುಳಿ. ಮಿರಮಿರ ಹೊಳೆಯುವುದನ್ನು ಮುಟ್ಟಬಾರದಂತೆ. ಹೊಳಪೆಲ್ಲ ಹೋಗಿ, ಸುಸ್ತಾದವರ ಮುಖದ ಹಾಗೆ ಮಂಕಾದ ಮೇಲೆ ಬೆರಳು ತಾಗಿಸಿದರೆ ತಾನೇ ಕೈಗೆ ಬರುತ್ತದೆ. ಆಗ ಸಿಹಿ.

ಹಾಗೇ ತಿನ್ನುತ್ತಾರೆ, ಸಕ್ಕರೆ ಹಾಕಿ ಕುದಿಸಿ ಇಡುತ್ತಾರೆ. ಎಲೆ ಕುದಿಸಿದ ನೀರಿನಲ್ಲಿ ಬಾಯಿ ಮುಕ್ಕಳಿಸುವವರೂ ಇದ್ದಾರೆ. ಬುಟ್ಟಿ ಹಿಡಿದು ಬಿಡಿಸಲು ಹೋಗುವುದಕ್ಕೂ ಅದೇ ಹೆಸರು. ನಮ್ಮ ಮೇಟ್ರನ್ "ಇವತ್ತು ಬ್ಲ್ಯಾಕ್‌ಬೆರಿ ಮಾಡೋಣ" ಎಂದರೆ ಬಿಡಿಸಲು ಹೋಗೋಣ ಎಂದರ್ಥ.

ಇನ್ನೊಂದು ಅರ್ಥ ಏಳನೇ ಕೋಣೆಯಲ್ಲಿದೆ. ಅಲ್ಲಿರುವವರು ಯಾವುದೋ ಕಂಪನಿಯಲ್ಲಿ ದೊಡ್ಡ ಸಾಹೇಬರಾಗಿದ್ದವರು. ಅವರ ಹತ್ತಿರ ಬ್ಲ್ಯಾಕ್‌ಬೆರಿ ಎಂಬ ಹೆಸರಿನ ಹಳೆಯ ಫೋನ್ ಇದೆ, ಮೈತುಂಬ ಪುಟ್ಟ ಪುಟ್ಟ ಗುಂಡಿಗಳು. ಚಾರ್ಜ್ ಮಾಡುವ ವೈರ್ ಇಲ್ಲ, ಅದಕ್ಕೆ ಜೀವ ಇಲ್ಲ. ಆದರೂ ದಿಂಬಿನ ಕೆಳಗೆ ಬೇಕು. ನಿದ್ದೆಯಲ್ಲಿ ಹೊದಿಕೆಯ ಮೇಲೆ ಅವರ ಎರಡು ಹೆಬ್ಬೆರಳೂ ಒತ್ತುತ್ತಲೇ ಇರುತ್ತವೆ. ಯಾರಿಗೆ ಏನು ಬರೆಯುತ್ತಾರೋ.

ಆರು ತಿಂಗಳ ಮಾತು. ಇಲ್ಲಿ ಇಬ್ಬರು ಕೆಲಸ ಬಿಟ್ಟು ಹೋದರು. ಮೇಟ್ರನ್ ಇರು ಎನ್ನುತ್ತಿದ್ದಾರೆ. ಮುಂದಿನ ವರ್ಷದ ಹಣ್ಣಿನ ಕಾಲ ಮುಗಿಸಿಕೊಂಡು ಬರುತ್ತೇನೆ ಎಂದು ಅವರಿಗೆ ಹೇಳಿದ್ದೇನೆ. ನಿಮಗೂ ಅದನ್ನೇ ಹೇಳುತ್ತಿದ್ದೇನೆ.

ನಲ್ಲಿಯ ಕೆಳಗೆ ಬಕೆಟ್ ಇಡಿ.

ಇವಳು


ಸೆಪ್ಟೆಂಬರ್ ೨೨

ಇವಳೇ,

ಸರಿ. ಮುಂದಿನ ಹಣ್ಣಿನ ಕಾಲ ಎಂದರೆ ಒಂದು ವರ್ಷ. ನಿನಗೆ ಹೇಗೆ ಅನುಕೂಲವೋ ಹಾಗೆ.

ನೀನು ಬರೆದದ್ದನ್ನು ಇಟ್ಟುಕೊಂಡು ಕರಡು ಮಾಡಿದ್ದೇನೆ. ಅರ್ಥ ಒಂದು: ಬೇಲಿಯಲ್ಲಿ ಹಬ್ಬುವ, ಬಾಗಿದ ಮುಳ್ಳುಗಳಿರುವ ಸಸ್ಯ. ಎರಡು: ಅದರ ಹಣ್ಣು, ಮಣಿಗಳ ಗೊಂಚಲಿನಂತಿರುವುದು, ಕಪ್ಪಾಗಿ ಹೊಳಪಿಳಿದ ಮೇಲೆ ಸಿಹಿ. ಮೂರು, ಕ್ರಿಯಾಪದ: ಆ ಹಣ್ಣು ಬಿಡಿಸಲು ಹೋಗು. ನಾಲ್ಕು: ಗುಂಡಿಗಳಿದ್ದ ಒಂದು ಹಳೆಯ ಬಗೆಯ ಫೋನಿನ ಹೆಸರು.

ಪ್ರತಿ ಅರ್ಥಕ್ಕೂ ಒಂದು ಉದಾಹರಣೆ ವಾಕ್ಯ ಬೇಕು. ನಾನು ಬರೆದವು ಇವು. "ಬ್ಲ್ಯಾಕ್‌ಬೆರಿಯ ಬೇಲಿ ದಾಟಿ ಅವಳು ಬಂದಳು." "ಬ್ಲ್ಯಾಕ್‌ಬೆರಿ ಹಣ್ಣಾಯಿತು, ಅವಳು ಬರಲಿಲ್ಲ." "ಬ್ಲ್ಯಾಕ್‌ಬೆರಿ ಬಿಡಿಸಲು ಹೋದವಳು ಸಂಜೆಗೆ ಮರಳಿದಳು." ಫೋನಿಗೆ ಇನ್ನೂ ವಾಕ್ಯ ಹೊಳೆದಿಲ್ಲ. ಸಂಪಾದಕರು ಕನ್ನಡಕದ ಮೇಲಿಂದ ನೋಡಿ, "ಈ ಅವಳು ಯಾರ್ರೀ?" ಎಂದು ಕೇಳಿದರು. ಉದಾಹರಣೆ ಸರ್, ಎಂದೆ.

ನಿನ್ನ ಕೈ ಪರಚಿದೆ ಎಂದು ಬರೆದಿದ್ದೆಯಲ್ಲ, ಚರ್ಮದ ಕೈಗವಸು ಕಳಿಸುತ್ತಿದ್ದೇನೆ. ಅಂಗಡಿಯವನು ಅಳತೆ ಕೇಳಿದ. ನನ್ನ ಕೈಗೆ ಹಾಕಿ ನೋಡಿ ತಂದೆ.

ಇವರು


ಅಕ್ಟೋಬರ್ ೧೦

ಇವರೇ,

ಕೈಗವಸು ಬಂತು. ಒಂದರೊಳಗೆ ನನ್ನ ಎರಡೂ ಕೈ ಹೋಗುತ್ತವೆ. ಅಡುಗೆಯವಳು ನೋಡಿ ನಕ್ಕು ನಕ್ಕು ಕುರ್ಚಿ ಹುಡುಕಿಕೊಂಡಳು. ನನಗೂ ನಗು ಬಂತು, ಆಮೇಲೆ ಬರಲಿಲ್ಲ. ನನ್ನ ಕೈ ಎಷ್ಟಿದೆ ಎಂದು ನಿಮಗೆ ಗೊತ್ತಿಲ್ಲ, ಅಂಗಡಿಯವನಿಗೆ ತೋರಿಸಲು ನಿಮ್ಮ ಕೈಯೇ ಆಯಿತು. ಬಾಗಿಲ ಹಿಂದಿನ ಮೊಳೆಗೆ ಅವನ್ನು ನೇತು ಹಾಕಿದ್ದೇನೆ.

ಕರಡು ಚೆನ್ನಾಗಿದೆ. ವಾಕ್ಯಗಳು ಚೆನ್ನಾಗಿಲ್ಲ. ಎಲ್ಲ ವಾಕ್ಯದಲ್ಲೂ ಅವಳೇ ಬರಬೇಕು, ಅವಳೇ ಹೋಗಬೇಕು, ಅವಳೇ ಮರಳಬೇಕು. ನಿಮ್ಮ ನಿಘಂಟಿನಲ್ಲಿ ಅವನು ಎಲ್ಲಿಗೂ ಹೋಗುವುದಿಲ್ಲವೇ? ಕುರ್ಚಿಯಲ್ಲಿ ಕೂತು ವಾಕ್ಯ ಬರೆಯುತ್ತಾನೆಯೇ?

ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ದಣಿದಿದ್ದೇನೆ, ಅಷ್ಟೆ. ಆದರೆ ಇಲ್ಲಿನ ದಣಿವು ಬೇರೆ ಥರ. ನಿಮ್ಮ ಅಮ್ಮನನ್ನು ನೋಡಿಕೊಂಡ ಒಂಬತ್ತು ವರ್ಷ ನನಗೆ ಬೇಸರ ಎಂದು ಹೇಳುವುದಿಲ್ಲ, ಅವರು ಒಳ್ಳೆಯವರು. ಆದರೆ ಅಲ್ಲಿ ಕೆಲಸ ಮುಗಿಯುತ್ತಿರಲಿಲ್ಲ. ಇಲ್ಲಿ ಐದು ಗಂಟೆಗೆ ಇನ್ನೊಬ್ಬಳು ಬಂದು "ನೀವು ಹೊರಡಿ" ಎನ್ನುತ್ತಾಳೆ. ನನಗೆ ಆ ಮಾತು ಕೇಳುವುದೆಂದರೆ ಎಷ್ಟು ಇಷ್ಟ ಎಂದು ಯಾರಿಗೂ ಹೇಳಿಲ್ಲ. ಲಾಂಡ್ರಿಯ ಹಿಂದೆ ನನಗೆ ಎರಡು ಕೋಣೆ ಕೊಟ್ಟಿದ್ದಾರೆ. ಅಲ್ಲಿಗೆ ಬಂದು ಬಾಗಿಲು ಹಾಕಿಕೊಂಡು ಸುಮ್ಮನೆ ಗೋಡೆ ನೋಡುತ್ತಾ ಕೂರುತ್ತೇನೆ.

ನಲ್ಲಿ ಏನಾಯಿತು?

ಇವಳು


ನವೆಂಬರ್ ೫

ಇವಳೇ,

ನಲ್ಲಿ ರಿಪೇರಿಯಾಯಿತು. ಸದ್ದು ನಿಂತು ಮನೆ ಇನ್ನಷ್ಟು ಮೌನವಾಗಿದೆ. ಹಾಲು ಕಾಯಿಸುವುದು ಕಲಿತೆ. ಪಾತ್ರೆಯ ತಳ ಮೂರು ಸಲ ಸೀದಿತು, ನಾಲ್ಕನೇ ಸಲ ಸೀಯಲಿಲ್ಲ.

ಬ್ಲ್ಯಾಕ್‌ಬೆರಿಯ ಬಗ್ಗೆ ಒಂದು ಹೊಸ ವಿಷಯ. ಲೈಬ್ರರಿಯಲ್ಲಿ ತೋಟಗಾರಿಕೆಯ ಪುಸ್ತಕವೊಂದು ಸಿಕ್ಕಿತು. ಬೇರು ವರ್ಷ ವರ್ಷ ಬದುಕುತ್ತದಂತೆ, ಬಳ್ಳಿ ಮಾತ್ರ ಎರಡೇ ವರ್ಷ. ಮೊದಲ ವರ್ಷ ಹಸಿರಾಗಿ ಉದ್ದಕ್ಕೆ ಬೆಳೆಯುತ್ತದೆ, ಹೂವಿಲ್ಲ, ಹಣ್ಣಿಲ್ಲ. ಎರಡನೇ ವರ್ಷ ಅದೇ ಬಳ್ಳಿ ಹಣ್ಣು ಬಿಟ್ಟು ಒಣಗಿಹೋಗುತ್ತದೆ. ಹಾಗಾಗಿ ಬೇಲಿ ಸವರುವವರು ಹಣ್ಣು ಬಿಟ್ಟ ಹಳೆಯ ಬಳ್ಳಿಯನ್ನು ಕತ್ತರಿಸಿ, ಏನೂ ಬಿಡದ ಹಸಿರು ಬಳ್ಳಿಯನ್ನು ಉಳಿಸಬೇಕು. ಗೊತ್ತಿಲ್ಲದವರು ತಿರುಗಾಮುರುಗಾ ಮಾಡಿ ಒಂದಿಡೀ ವರ್ಷದ ಹಣ್ಣು ಕಳೆದುಕೊಳ್ಳುತ್ತಾರೆ ಎಂದು ಬರೆದಿದೆ. ಚಳಿಗಾಲದಲ್ಲಿ ನಿಮ್ಮಲ್ಲಿ ಬೇಲಿ ಸವರುತ್ತಾರಲ್ಲ, ಸವರುವವರಿಗೆ ಹೇಳು. ಮುಂದಿನ ವರ್ಷದ ಹಣ್ಣು ನನಗೂ ಮುಖ್ಯ.

ಇದನ್ನು ಮೊದಲ ಅರ್ಥಕ್ಕೆ ಸೇರಿಸಿದರೆ ಐದು ಸಾಲಾಗುತ್ತದೆ. ಸಂಪಾದಕರ ಹತ್ತಿರ ಜಗಳವಾಡುವ ಶಕ್ತಿ ಇಲ್ಲ. ಅವರಿಗೂ ಇಲ್ಲ. ಇಬ್ಬರೂ ಮೇಜಿನ ಆಚೆ ಈಚೆ ಕೂತು ನಿಟ್ಟುಸಿರು ಬಿಡುತ್ತೇವೆ.

ವಾಕ್ಯಗಳನ್ನು ತಿದ್ದುತ್ತಿದ್ದೇನೆ.

ಇವರು


ಜನವರಿ ೧೨ (ಕಾರ್ಡು)

ಇವಳೇ,

ನವೆಂಬರಿನ ಕಾಗದಕ್ಕೆ ಉತ್ತರವಿಲ್ಲ. ಮೇಟ್ರನ್‌ಗೆ ಫೋನ್ ಮಾಡಿದ್ದೆ, ಡ್ಯೂಟಿಯಲ್ಲಿದ್ದಾರೆ, ಚೆನ್ನಾಗಿದ್ದಾರೆ ಎಂದರು. ಪ್ರೂಫ್ ಈ ತಿಂಗಳು ಹೋಗುತ್ತದೆ. ಕಾಗದ ತಲುಪಿತೇ ಎಂಬಷ್ಟನ್ನಾದರೂ ತಿಳಿಸು.

ಇವರು


ಫೆಬ್ರುವರಿ ೩

ಇವರೇ,

ಕಾರ್ಡು ತಲುಪಿತು. ಕಾಗದವೂ ತಲುಪಿತ್ತು. ಬರೆಯಲಾಗಲಿಲ್ಲ. ಚಳಿಗೆ ಇಲ್ಲಿ ಒಬ್ಬರಾದ ಮೇಲೆ ಒಬ್ಬರು ಮಲಗಿದರು, ಇಬ್ಬರು ಏಳಲಿಲ್ಲ. ಏಳನೇ ಕೋಣೆಯ ಸಾಹೇಬರು ಉಳಿದುಕೊಂಡರು, ಆದರೆ ಹೆಬ್ಬೆರಳು ಈಗ ಮೊದಲಿನಷ್ಟು ಆಡುವುದಿಲ್ಲ.

ಒಂದು ಒಳ್ಳೆಯ ಸುದ್ದಿ ಹೇಳುತ್ತೇನೆ. ತೋಟದವನು ಸೊಂಟ ಹಿಡಿದುಕೊಂಡು ರಜೆ ಹಾಕಿದ. ಬೇಲಿ ದಾರಿಗೆಲ್ಲ ಚಾಚಿ, ಗಾಲಿಕುರ್ಚಿಯಲ್ಲಿ ಹೋಗುವವರ ಶಾಲು ಹಿಡಿದೆಳೆಯುತ್ತಿತ್ತು. ಯಾರೂ ಮುಂದೆ ಬರಲಿಲ್ಲ. ನಾನೇ ಕತ್ತರಿ ಹಿಡಿದೆ. ಡಿಸೆಂಬರಿನಲ್ಲಿ ಬಿಸಿಲಿದ್ದ ಮಧ್ಯಾಹ್ನಗಳಲ್ಲಿ ಇಡೀ ಬೇಲಿ ಸವರಿ ಮುಗಿಸಿದೆ. ಹೋದ ವರ್ಷ ಒಂದೂ ಹಣ್ಣು ಬಿಡದೆ ಸುಮ್ಮನೆ ಉದ್ದಕ್ಕೆ ಚಾಚಿಕೊಂಡಿದ್ದ ಹಸಿರು ಬಳ್ಳಿಗಳನ್ನೆಲ್ಲ ಬುಡಕ್ಕೆ ಕತ್ತರಿಸಿ ಹಾಕಿದೆ. ಮೈಮುರಿದು ಹಣ್ಣು ಕೊಟ್ಟ ಹಳೆಯವನ್ನು ಮಾತ್ರ ಉಳಿಸಿ, ಒಂದೊಂದನ್ನೂ ತಂತಿಗೆ ಕಟ್ಟಿದೆ. ಬೇಲಿ ಈಗ ತಲೆ ಬಾಚಿದ ಹಾಗಿದೆ. ಮೇಟ್ರನ್ ಎಲ್ಲರ ಮುಂದೆ ಹೊಗಳಿದರು. ಈ ಬೇಲಿ ನನ್ನದು ಎನ್ನಿಸುತ್ತದೆ. ಬಹಳ ದಿನದ ಮೇಲೆ ಏನನ್ನೋ ಮಾಡಿ ಮುಗಿಸಿದೆ.

ನಿಮ್ಮ ಹಾಲು ಉಕ್ಕುತ್ತಿಲ್ಲ ತಾನೇ? ಎಲ್ಲ ಪಾತ್ರೆ ಸೀಯಿಸಿರುತ್ತೀರಿ ಎಂದುಕೊಂಡಿದ್ದೇನೆ.

ಇವಳು


ಫೆಬ್ರುವರಿ ೨೧

ನಮಸ್ಕಾರ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಉತ್ತರ ಅರ್ಥವಾಯಿತು. ಬೇಲಿಯ ಮೂಲಕ ಹೇಳಬೇಕಾಗಿರಲಿಲ್ಲ, ನೇರವಾಗಿ ಬರೆದಿದ್ದರೂ ನಾನು ಜಗಳಕ್ಕೆ ಬರುತ್ತಿರಲಿಲ್ಲ. ಹಣ್ಣಿನ ಕಾಲ ಮುಗಿದ ಮೇಲೆ ಬರುತ್ತೇನೆ ಎಂದು ನೀನು ಹೇಳಿದ್ದೆ. ಈಗ ಹಣ್ಣೇ ಬಿಡದ ಹಾಗೆ ಮಾಡಿದ್ದೀಯೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಈ ಮನೆಯಲ್ಲಿ ನಿನಗೆ ಬಂದು ಮಾಡುವಂಥದ್ದೇನೂ ಉಳಿದಿಲ್ಲ ಎಂಬುದು ನನಗೂ ಕಾಣುತ್ತದೆ. ನಿನ್ನ ಚಳಿಯ ಬಟ್ಟೆ, ಹೊಲಿಗೆಯ ಡಬ್ಬಿ, ನಿನ್ನ ತಾಯಿ ಕೊಟ್ಟ ಕಂಚಿನ ಲೋಟ ಒಂದು ಪೆಟ್ಟಿಗೆಗೆ ಹಾಕಿಟ್ಟಿದ್ದೇನೆ. ಪಾರ್ಸೆಲ್ಲಿನವರಿಗೆ ಹೇಳಿದ್ದೇನೆ. ಇನ್ನೇನಾದರೂ ಬೇಕಿದ್ದರೆ ತಿಳಿಸು.

ನಿಘಂಟು ಬೇಸಿಗೆಗೆ ಅಚ್ಚಾಗುತ್ತದೆ. ಅದಾದ ಮೇಲೆ ಕಚೇರಿ ಮುಚ್ಚುತ್ತಾರೆ.

ಇಂತಿ


ಮಾರ್ಚ್ ೮

ಇವರೇ,

ಯಾವ ಉತ್ತರ? ಯಾರು ಕೊಟ್ಟದ್ದು? ನಿಮ್ಮ ಕಾಗದ ಓದಿ ನನಗೆ ತಲೆ ಬುಡ ತಿಳಿಯಲಿಲ್ಲ. ಬೇಲಿ ಸವರಿದೆ ಎಂದರೆ ನೀವು ನನ್ನ ಪೆಟ್ಟಿಗೆ ಕಟ್ಟುತ್ತೀರಿ. ಸಿಟ್ಟಿನಲ್ಲಿ ಅವತ್ತು ಎಲ್ಲ ಕೋಣೆಯ ಹೊದಿಕೆಗಳನ್ನೂ ಒಗೆದು ಹಾಕಿದೆ. ಸಂಜೆ ಕೋಣೆಗೆ ಬಂದು, ನವೆಂಬರಿನ ನಿಮ್ಮ ಕಾಗದವನ್ನು ಡ್ರಾಯರಿನಿಂದ ತೆಗೆದು ಒಡೆದೆ.

ಹೌದು, ಅಲ್ಲಿಯವರೆಗೆ ಒಡೆದಿರಲಿಲ್ಲ. ನವೆಂಬರಿನಲ್ಲಿ ಕೈಗೆ ಬಂದಾಗ ದಪ್ಪಗಿತ್ತು. ನಾನು ಅಕ್ಟೋಬರಿನಲ್ಲಿ ಚುಚ್ಚಿ ಬರೆದಿದ್ದೆ, ಅದಕ್ಕೆ ನೀವು ಈ ಸಲ "ಬಾ" ಎಂದು ಬರೆದಿರುತ್ತೀರಿ ಅಂದುಕೊಂಡೆ. ಬಾ ಎಂದರೆ ನಾನು ಹೊರಟುಬಿಡುತ್ತಿದ್ದೆ. ಯಾರಾದರೂ ಕರೆದರೆ ಎದ್ದು ಹೋಗುವುದು ನನ್ನ ಕಾಲಿಗೆ ಅಭ್ಯಾಸವಾಗಿದೆ. ನನಗೆ ಹೊರಡಲು ಇಷ್ಟವಿರಲಿಲ್ಲ. ಅದಕ್ಕೇ ಒಡೆಯದೆ ಇಟ್ಟೆ. ದಿನಾ ಬೆಳಿಗ್ಗೆ ಬಾಚಣಿಗೆ ತೆಗೆಯುವಾಗ ಕಾಣುತ್ತಿತ್ತು, ಡ್ರಾಯರು ಮುಚ್ಚುತ್ತಿದ್ದೆ.

ಒಡೆದು ನೋಡಿದರೆ ಬ್ಲ್ಯಾಕ್‌ಬೆರಿ. ಯಾವ ಬಳ್ಳಿ ಕತ್ತರಿಸಬೇಕು, ಯಾವುದನ್ನು ಉಳಿಸಬೇಕು. ಅದನ್ನು ಓದಿದ್ದರೆ ಬೇಲಿ ಉಳಿಯುತ್ತಿತ್ತು. ಬಿಸಿಲಿನಲ್ಲಿ ನಿಂತು, ಕೈ ಗೀರಿಕೊಂಡು, ಈ ವರ್ಷ ಹಣ್ಣು ಬಿಡಬೇಕಾಗಿದ್ದದ್ದನ್ನೆಲ್ಲ ನಾನೇ ಕತ್ತರಿಸಿದ್ದೇನೆ. ತಂತಿಗೆ ಕಟ್ಟಿದ ಹಳೆಯ ಬಳ್ಳಿಗಳು ಈಗಾಗಲೇ ಕಂದಾಗಿವೆ, ಕೈಯಲ್ಲಿ ಹಿಡಿದರೆ ಲಟಲಟ ಮುರಿಯುತ್ತವೆ. ಚಳಿಗೆ ಹಾಗಾಗಿದೆ, ಚಿಗುರುತ್ತದೆ ಎಂದುಕೊಂಡಿದ್ದೆ. ಬೇಲಿ ಕೆಟ್ಟದ್ದಕ್ಕೆ ಅಳು ಬಂತು. ಹಣ್ಣು ಕೊಟ್ಟದ್ದು ಪಾಪ, ಇಟ್ಟುಕೊಳ್ಳೋಣ ಎಂದು ಉಳಿಸಿದ್ದೆ, ಏನೂ ಕೊಡದೆ ಬೆಳೆದದ್ದನ್ನು ಸೋಮಾರಿ ಎಂದು ಕಡಿದೆ.

ಆದರೆ ಅದಕ್ಕಿಂತ ದೊಡ್ಡ ಅಳು ಬಂದದ್ದು ಬೇರೆಯದಕ್ಕೆ. ಕಾಗದವನ್ನು ಎರಡೂ ಕಡೆ ತಿರುಗಿಸಿ ನೋಡಿದೆ. ಬಾ ಎಂಬ ಮಾತು ಎಲ್ಲೂ ಇಲ್ಲ. ಮೂರು ತಿಂಗಳು ನಾನು ಹೆದರಿಕೊಂಡಿದ್ದ ಮಾತು ನೀವು ಬರೆದೇ ಇರಲಿಲ್ಲ. ಹಣ್ಣು ಮುಖ್ಯವಂತೆ, ಹಾಲು ಸೀಯಲಿಲ್ಲವಂತೆ. ನಿಮಗೆ ನಾನು ಬೇಕೋ ಬೇಡವೋ ಅದನ್ನು ಯಾವ ಪುಸ್ತಕ ನೋಡಿ ತಿಳಿದುಕೊಳ್ಳಲಿ?

ಪೆಟ್ಟಿಗೆ ಬಂದಿದೆ. ಬಿಚ್ಚಿಲ್ಲ.

ಇವಳು


ಮಾರ್ಚ್ ೨೭

ಇವಳೇ,

ನಿನಗೆ ಗೊತ್ತಿದ್ದೂ ಕತ್ತರಿಸಿದೆ ಎಂದುಕೊಂಡೆ. ಕಾಗದ ತಲುಪಿತ್ತು ಎಂದು ನೀನೇ ಬರೆದಿದ್ದೆ. ತಲುಪಿದ್ದನ್ನು ಓದಿರುತ್ತಾರೆ ಎಂದುಕೊಳ್ಳುವುದು ನನ್ನ ಕಸುಬಿನ ಕೆಟ್ಟ ಚಾಳಿ. ಫೆಬ್ರುವರಿಯ ಕಾಗದವನ್ನು ಹರಿದು ಹಾಕು.

ನೀನು ಕೇಳಿದ್ದಕ್ಕೆ ಉತ್ತರ: ಬೇಕು. ಇದಕ್ಕೆ ಉದಾಹರಣೆ ವಾಕ್ಯ ಇಲ್ಲ.

ಬಾ ಎಂದು ಯಾಕೆ ಬರೆಯಲಿಲ್ಲ ಎಂದರೆ, ಬರೆದರೆ ನೀನು ಬಂದುಬಿಡುತ್ತೀಯೆ ಎಂದು ನನಗೂ ಗೊತ್ತಿತ್ತು. ಮದುವೆಯಾದಾಗ ಅಮ್ಮ ಕರೆದಳು, ನೀನು ಬಂದೆ. ನಾನು ಚೀಟಿಗಳ ನಡುವಿನಿಂದ ಕಾಫಿ ಎಂದೆ, ನೀನು ತಂದುಕೊಟ್ಟೆ. ಅಮ್ಮ ಹಾಸಿಗೆ ಹಿಡಿದ ಒಂಬತ್ತು ವರ್ಷ, ರಾತ್ರಿ ಅವಳು ಗಂಟೆ ಬಾರಿಸಿದರೆ ಎದ್ದವಳು ನೀನು, ನಾನು ಮಗ್ಗುಲು ಬದಲಿಸಿದೆ. ಇನ್ನೊಂದು ಸಲ ಕರೆದು ಎಬ್ಬಿಸುವುದು ನನ್ನಿಂದಾಗಲಿಲ್ಲ. ನೀನಾಗಿ ಬರಲಿ ಎಂದು ಕಾದೆ. ಕಾಯುತ್ತಿದ್ದೇನೆ ಎಂದು ಹೇಳಬೇಕಿತ್ತು ಎಂಬುದು ಹೊಳೆಯಲಿಲ್ಲ. ಇಷ್ಟು ದೊಡ್ಡ ನಿಘಂಟಿನ ನಡುವೆ ಕೂತು ನನಗೆ ಮಾತು ಸಿಗಲಿಲ್ಲ.

ಬರಲೇಬೇಕೆಂದಿಲ್ಲ. ಬಾರದಿದ್ದರೂ ಕಾಗದ ಒಡೆದು ಓದು. ಇನ್ನು ಮೇಲೆ ಕಾರ್ಡಿನಲ್ಲೇ ಬರೆಯುತ್ತೇನೆ, ಒಡೆಯುವ ಕಷ್ಟ ಇರುವುದಿಲ್ಲ.

ಬೇರು ಸತ್ತಿರುವುದಿಲ್ಲ. ಪುಸ್ತಕವನ್ನು ಮತ್ತೆ ತೆಗೆದು ನೋಡಿದೆ. ಈ ವರ್ಷ ಬುಡದಿಂದ ಹೊಸದು ಬರುತ್ತದೆ. ಅದನ್ನು ಮುಟ್ಟಬೇಡ.

ಇವರು


ಮೇ ೧೬

ಇವರೇ,

ಬುಡದಿಂದ ಹೊಸದು ಬಂದಿದೆ. ಬೆರಳುದ್ದ ಇದ್ದದ್ದು ಈಗ ನನ್ನ ಸೊಂಟಕ್ಕೆ ಬಂದಿದೆ. ಮೇಟ್ರನ್‌ಗೆ ನಡೆದದ್ದೆಲ್ಲ ಹೇಳಿದೆ. ಅವರು "ಹೋಗ್ಲಿ ಬಿಡಿ, ನಾನೂ ಹೊಗಳಿದ್ದೆನಲ್ಲ" ಎಂದರು. ಅಡುಗೆಯವಳು ಮಾತ್ರ ಖಾಲಿ ಜಾಮ್ ಬಾಟಲಿಗಳನ್ನು ನನಗೆ ಕಾಣುವ ಹಾಗೆ ಸಾಲಾಗಿ ಇಟ್ಟಿದ್ದಾಳೆ.

ನಿಮ್ಮ ಕಾಗದವನ್ನು ಬಂದ ದಿನವೇ ಒಡೆದೆ. ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಸಿಟ್ಟಿಗಲ್ಲ. ಆ ಮನೆಗೆ ಬರುವುದನ್ನು ನೆನೆಸಿಕೊಂಡರೆ ಮೊದಲು ನೆನಪಾಗುವುದು ಹಾಲ್‌ನ ನೆಲ. ಯಾವ ಕಲ್ಲಿನ ಸಂದಿಯಲ್ಲಿ ಕೊಳೆ ಕೂರುತ್ತದೆ ಎಂದು ಕಣ್ಣು ಮುಚ್ಚಿದರೂ ಗೊತ್ತು. ನಿಮ್ಮ ಮುಖ ಆಮೇಲೆ ನೆನಪಾಗುತ್ತದೆ. ಇದನ್ನು ಓದಿ ನಿಮಗೆ ನೋವಾಗುತ್ತದೆ, ಆದರೂ ಬರೆದಿದ್ದೇನೆ. ಬೇಕು ಎಂಬ ಮಾತಿಗೆ ನನ್ನ ಕಡೆಯಿಂದಲೂ ಬೇಡ ಎನ್ನಲಾರೆ. ಬರುತ್ತೇನೆ ಎಂದೂ ಬರೆಯಲಾರೆ. ಪೆಟ್ಟಿಗೆ ಬಿಚ್ಚಿದೆ. ಕಂಚಿನ ಲೋಟಕ್ಕೆ ನಿಮ್ಮ ಬನಿಯನ್ ಸುತ್ತಿ ಕಳಿಸಿದ್ದೀರಿ, ತೊಳೆದಿಟ್ಟಿದ್ದೇನೆ.

ಇವಳು


ಆಗಸ್ಟ್ ೬

ಇವಳೇ,

ಕಾರ್ಡಿನಲ್ಲಿ ಹಿಡಿಸಲಿಲ್ಲ, ಅದಕ್ಕೆ ಕಾಗದ. ಒಳಗೆ ಹೆದರುವಂಥದ್ದೇನಿಲ್ಲ.

ನಿಘಂಟು ಅಚ್ಚಾಗಿ ಬಂತು. ಸಂಪಾದಕರು ಮೊದಲ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು, ಪುಟ ತಿರುಗಿಸಲಿಲ್ಲ. ಮರುದಿನ ಮೇಜುಗಳನ್ನು ಹೊರಗೆ ಸಾಗಿಸಿದರು. ನನ್ನ ಕುರ್ಚಿಯನ್ನು ತೆಗೆದುಕೊಂಡು ಹೋಗಿ ಎಂದರು, ಬೇಡ ಎಂದೆ.

ನಮ್ಮ ಪದದ ಗತಿ ಕೇಳು. ಕೊನೆಯಲ್ಲಿ ಪುಟ ಸಾಲದೆ ಎಲ್ಲವನ್ನೂ ಇಳಿಸಿದರು. ಫೋನ್ ಹೋಯಿತು, ಹೊಳಪು ಹೋಯಿತು, ಮಣಿಗಳೂ ಎರಡನೇ ವರ್ಷವೂ ಹೋದವು. ನಾವಿಬ್ಬರೂ ಒಂದು ವರ್ಷ ಬರೆದದ್ದರಲ್ಲಿ ಉಳಿದದ್ದು ಇಷ್ಟು: "ಮುಳ್ಳುಬೇಲಿಯಲ್ಲಿ ಬಿಡುವ ಕಪ್ಪು ಹಣ್ಣು, ಅದರ ಗಿಡ, ಆ ಹಣ್ಣು ಬಿಡಿಸು." ನಾಲ್ಕು ಸಾಲೂ ದಕ್ಕಲಿಲ್ಲ.

ಆದರೆ ಒಂದು ವಾಕ್ಯ ಉಳಿದಿದೆ. ಅವಳು ಇದ್ದ ವಾಕ್ಯಗಳನ್ನೆಲ್ಲ ನಾನೇ ಹೊಡೆದು ಹಾಕಿ, ನಿನ್ನ ಮಾತು ಕೇಳಿ ಬೇರೆ ಬರೆದಿದ್ದೆ. "ಬ್ಲ್ಯಾಕ್‌ಬೆರಿ ಬಿಡಿಸಲು ಅವನೂ ಹೋದನು." ಪ್ರೂಫಿನಲ್ಲಿ ನೋಡಿ ಸಂಪಾದಕರು, "ಎಲ್ಲಿಗ್ರೀ ಹೋದ?" ಎಂದು ಕೇಳಿದರು. "ಇನ್ನೂ ಕೇಳಬೇಕು ಸರ್," ಎಂದೆ. ಅವರು ನನ್ನ ಮುಖ ನೋಡಿ, ಪೆನ್ಸಿಲ್ ಕೆಳಗಿಟ್ಟರು. ಕತ್ತರಿಸಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ನಾನು ಬರಲೇ? ನೀನು ಬಾ ಎಂದರೆ ಮಾತ್ರ. ಹಾಲು ಈಗ ಸೀಯುವುದಿಲ್ಲ.

ಇವರು


ಆಗಸ್ಟ್ ೨೪

ಇವರೇ,

ನಿಮ್ಮ ಕಾಗದವನ್ನು ಬೇಲಿಯ ಹತ್ತಿರ ನಿಂತು ಓದಿದೆ. ಈ ವರ್ಷ ಒಂದೂ ಹಣ್ಣಿಲ್ಲ. ಹೋದ ವರ್ಷ ಇದೇ ಹೊತ್ತಿಗೆ ಎಲ್ಲರ ಬಾಯಿ ಕಪ್ಪಾಗಿತ್ತು. ಈಗ ಬರೀ ಹಸಿರು, ನನ್ನ ತಲೆಗಿಂತ ಎತ್ತರ. ದಾರಿಯಲ್ಲಿ ಹೋಗುವವರು ಇದನ್ನು ಯಾಕೆ ಬೆಳೆಸಿದ್ದೀರಿ, ಕಡಿಸಬಾರದೇ ಎನ್ನುತ್ತಾರೆ. ಮುಟ್ಟಬೇಡಿ ಎಂದು ತೋಟದವನಿಗೂ ಹೇಳಿಟ್ಟಿದ್ದೇನೆ.

ಸಾಹೇಬರು ಹೋದ ವಾರ ತೀರಿಕೊಂಡರು. ಮಗಳು ಬಂದು ಸಾಮಾನು ತೆಗೆದುಕೊಂಡು ಹೋದಳು, ಫೋನ್ ಇಲ್ಲೇ ಮರೆತಳು. ಕೊನೆಯವರೆಗೂ ಅದರಲ್ಲಿ ಯಾರಿಗೆ ಬರೆಯುತ್ತಿದ್ದರೋ, ಒಂದೂ ಹೋಗಲಿಲ್ಲ. ನಿಮ್ಮದು ಬಂತು. ತಡವಾಗಿಯಾದರೂ ಬಂತು.

ಮೊದಲೇ ಹೇಳಿಬಿಡುತ್ತೇನೆ. ನಾನು ಹಗಲೆಲ್ಲ ಹನ್ನೆರಡು ಜನರನ್ನು ನೋಡಿಕೊಳ್ಳುತ್ತೇನೆ. ಸಂಜೆ ಹದಿಮೂರನೆಯವರನ್ನು ನೋಡಿಕೊಳ್ಳುವುದಿಲ್ಲ. ಐದು ಗಂಟೆಗೆ ಬಾಗಿಲು ತೆಗೆದಾಗ ಒಳಗಿನಿಂದ ಯಾರಾದರೂ ಕಾಫಿ ಕೊಟ್ಟರೆ ಕುಡಿಯುತ್ತೇನೆ. ಗೋಡೆ ನೋಡುತ್ತಾ ಕೂತಾಗ ಪಕ್ಕದಲ್ಲಿ ಕೂರಬಹುದು, ಪದದ ಅರ್ಥ ಕೇಳಬಾರದು. ಅಚ್ಚಾದ ವಾಕ್ಯವನ್ನು ಸುಳ್ಳು ಮಾಡುವುದು ನಿಮ್ಮಂಥವರಿಗೆ ಒಳ್ಳೆಯದಲ್ಲ.

ಹಳೆಯ ಬಳ್ಳಿಗಳು ಇನ್ನೂ ತಂತಿಯ ಮೇಲೆ ಹಾಗೇ ಒಣಗಿ ನಿಂತಿವೆ. ಹಸಿರಿಗೆ ತಾಗದ ಹಾಗೆ ಒಂದೊಂದಾಗಿ ಬಿಡಿಸಿ ತೆಗೆಯಬೇಕು. ನನ್ನೊಬ್ಬಳ ಕೈಯಲ್ಲಿ ಆಗುವುದಿಲ್ಲ.

ಬನ್ನಿ. ಬರುವಾಗ ಕೈಗವಸು ತರಬೇಡಿ. ನೀವು ಕಳಿಸಿದ್ದು ಬಾಗಿಲ ಹಿಂದೆ ಮೊಳೆಯ ಮೇಲೇ ಇದೆ, ನಿಮ್ಮ ಕೈಗೆ ಸರಿಹೋಗುತ್ತದೆ.

ಇವಳು